ಬಿಸ್ಕತ್ತು ಡಬ್ಬಿಯ ಕತ್ತಲು

ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದ ಚೀಲದೊಳಗೆ ಬಿಸ್ಕತ್ತು ಡಬ್ಬಿ ಉಸಿರಾಡುತ್ತಿದೆ ಅನ್ನಿಸಿ ಟೋರಾಳಿಗೆ ನಗು ಬಂತು. ಅರವತ್ತೊಂದು ವರ್ಷದ ಸಸ್ಯವಿಜ್ಞಾನಿಗೆ ಹಾಗೆಲ್ಲ ಅನ್ನಿಸಬಾರದು. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕತ್ತಲಲ್ಲಿ ಕೂಡಿಹಾಕಿದ ಗಿಡ ಉಸಿರಾಡುವುದು ಬಿಟ್ಟು ಇನ್ನೇನು ಮಾಡೀತು ಎಂದು ತನಗೆ ತಾನೇ ಪಾಠ ಹೇಳಿಕೊಂಡಳು, ಪಾಠ ಹೇಳಿಕೊಂಡದ್ದಕ್ಕೆ ಮತ್ತೆ ನಕ್ಕಳು. ಎದುರು ಸೀಟಿನ ಹೆಂಗಸು ತಲೆಯೆತ್ತಿ ನೋಡಿ, ನೋಡಿದ್ದೇ ತಪ್ಪಾಯಿತೆಂಬಂತೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮಾರ್ಚ್ ಕೊನೆಯ ಬಿಸಿಲು. ಹಿಮದ ಮೇಲೆ, ನದಿಯ ಮಂಜುಗಡ್ಡೆಯ ಮೇಲೆ, ಬರ್ಚ್ ಮರಗಳ ಬಿಳಿ ತೊಗಟೆಯ ಮೇಲೆ ಬಿದ್ದು ನಾಲ್ಕೂ ಕಡೆಯಿಂದ ಕಣ್ಣಿಗೆ ರಾಚುತ್ತಿತ್ತು. ಬಸ್ ನಿಲ್ದಾಣಗಳಲ್ಲಿ ಜನ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಸಾಲಾಗಿ ನಿಂತಿದ್ದರು. ಬಸ್ಸು ಬಂದರೂ ಒಬ್ಬಿಬ್ಬರು ಹತ್ತಲಿಲ್ಲ. ಇವರ ಕೆನ್ನೆಯಲ್ಲಿ ಒಂದಿಷ್ಟು ಹಸಿರು ತುಂಬಿ ಕಳಿಸಿದ್ದರೆ ಯಾರ ಗಂಟು ಹೋಗುತ್ತಿತ್ತು, ಅಡುಗೆಯ ಕಾಟವಾದರೂ ತಪ್ಪುತ್ತಿತ್ತಲ್ಲ, ಅಂದುಕೊಂಡಳು. ಬೆಳಗ್ಗೆ ಏನೂ ತಿಂದಿರಲಿಲ್ಲ, ಬರೀ ಕಾಫಿ ಕುಡಿದು ಹೊರಟಿದ್ದಳು. ತಲೆ ಹಗ್ಗ ಬಿಚ್ಚಿದ ದೋಣಿಯ ಹಾಗೆ ತೇಲುತ್ತಿತ್ತು.

ಡಬ್ಬಿ ಅವಳ ಅಮ್ಮನ ಕಾಲದ್ದು, ಶುಂಠಿ ಬಿಸ್ಕತ್ತಿನದ್ದು. ಮುಚ್ಚಳದ ಸುತ್ತ ಕಪ್ಪು ಟೇಪು. ಅದರೊಳಗೆ ಒದ್ದೆ ಬಟ್ಟೆಯ ಮೇಲೆ ಮೊಳೆತ ಕೊಕ್ಕರೆಹೂವಿನ ಸಸಿಗಳು, ಹುಟ್ಟಿದಂದಿನಿಂದ ಬೆಳಕಿನ ಒಂದು ಹನಿಯನ್ನೂ ಕಾಣದವು. ಮುಚ್ಚಳ ತೆಗೆದರೆ ಅವು ಹಳದಿಯಾಗಿರಬೇಕು, ಇಲ್ಲವೇ ಹಸಿರಾಗಿರಬೇಕು. ಹಳದಿಯಾಗಿದ್ದರೆ ಅವಳ ಶಿಷ್ಯೆ ಎಬ್ಬಾಳ ಐದು ವರ್ಷದ ಸಂಶೋಧನೆ ಇವತ್ತು ಮಣ್ಣುಪಾಲು. ಹಸಿರಾಗಿದ್ದರೆ ಟೋರಾಳದ್ದೇ ಇಡೀ ಜೀವಮಾನದ ಮಾತು ಮಣ್ಣುಪಾಲು. ಮಧ್ಯಾಹ್ನ ಮೂರಕ್ಕೆ ಎಬ್ಬಾ ಇಲ್ಲಿನ ಪದ್ಧತಿಯಂತೆ ತನ್ನ ಡಾಕ್ಟರೇಟ್ ಪ್ರಬಂಧವನ್ನು ಸಂಸ್ಥೆಯ ಮರದ ದಿಮ್ಮಿಗೆ ಮೊಳೆ ಹೊಡೆದು ತಗುಲಿಸುತ್ತಾಳೆ. ಮೊಳೆ ಹೊಡೆದ ಮೇಲೆ ಅದು ಊರವರ ಸ್ವತ್ತು. ಯಾರು ಬೇಕಾದರೂ ಓದಬಹುದು, ಜರೆಯಬಹುದು, ಒಂದಕ್ಷರ ಬದಲಿಸುವಂತಿಲ್ಲ. ಅಷ್ಟರೊಳಗೆ ಮುಚ್ಚಳ ತೆಗೆಯಬೇಕು. ನಿನ್ನೆಯೇ ತೆಗೆಯಬಹುದಿತ್ತು, ಮೊನ್ನೆಯೇ ತೆಗೆಯಬಹುದಿತ್ತು. ತೆಗೆಯಲಿಲ್ಲ, ಅಷ್ಟೇ. ಹೆದರಿಕೆ ಅಂದರೆ ಹೆದರಿಕೆ.

ಹೂ ಬಿಡುವ ಗಿಡಗಳಿಗೆ ಬೆಳಕಿಲ್ಲದೆ ಹಸಿರಾಗಲು ಬರುವುದಿಲ್ಲ. ಅದೇ ಈ ಕಾಡುಗಳ ಸ್ಪ್ರೂಸ್ ಮರದ ಬೀಜವನ್ನು ಕಗ್ಗತ್ತಲಲ್ಲಿ ಮೊಳೆಯಿಸಿ ನೋಡಿ, ಹಸಿರಾಗಿಯೇ ಏಳುತ್ತದೆ, ಸೂರ್ಯನ ಮುಲಾಜೇ ಇಲ್ಲದೆ. ಅದಕ್ಕೆ ಬೇಕಾದ ಮೂರು ಜೀನುಗಳು ಎಲೆಯ ಹಸಿರು ಕಣಗಳಲ್ಲಿರುತ್ತವೆ. ಹೂವಿನ ಗಿಡಗಳ ಮೂಲಜ್ಜಿ ಎಂದೋ ಒಮ್ಮೆ ಅವನ್ನು ಕಳೆದುಕೊಂಡಳು, ಆಮೇಲೆ ಅವಳ ಸಂತಾನದಲ್ಲಿ ಯಾರಿಗೂ ಅವು ಸಿಗಲಿಲ್ಲ, ಕಳೆದದ್ದು ಕಳೆಯಿತು. ಇದು ಟೋರಾಳ ಮಾತು. ನೂರಾರು ಗಿಡಗಳ ಜೀನೋಮು ಬಿಡಿಸಿ ಓದಿ, ಮನುಷ್ಯನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಸ್ಪ್ರೂಸ್ ಜೀನೋಮಿನಲ್ಲಿ ಕಣ್ಣು ಕಳೆದುಕೊಂಡು, ಮದುವೆಯನ್ನೂ ಕಳೆದುಕೊಂಡು ಹೇಳಿದ ಮಾತು. ಸಮ್ಮೇಳನಗಳಲ್ಲಿ ಹುಡುಗರು ಅವಳನ್ನು ಬೆನ್ನ ಹಿಂದೆ 'ಕಳೆದದ್ದು ಕಳೆಯಿತು' ಎಂದೇ ಕರೆಯುತ್ತಾರೆ, ಅವಳಿಗೆ ಗೊತ್ತು. ಎಬ್ಬಾ ಬಂದಳು, ಜವುಗು ನೆಲದಿಂದ ಕೊಕ್ಕರೆಹೂ ಎಂಬ ಈ ಪುಟ್ಟ ಬಿಳಿ ಹೂವಿನ ಗಿಡ ಕಿತ್ತು ತಂದಳು, ಮೂರೂ ಜೀನುಗಳು ಇದರಲ್ಲಿವೆ ಅಂದಳು. ಹಸಿರು ಕಣದಲ್ಲಲ್ಲ, ಜೀವಕೋಶದ ನಡುಮನೆಯಾದ ನ್ಯೂಕ್ಲಿಯಸ್ಸಿನಲ್ಲಿ. ಟೋರಾ ಅವುಗಳ ಹಳೇ ಮನೆಯ ಬಾಗಿಲು ತಟ್ಟಿ ತಟ್ಟಿ, ಯಾರೂ ಇಲ್ಲ, ಸತ್ತಿದ್ದಾರೆ, ಎಂದು ಊರಿಗೆಲ್ಲ ಸಾರಿದ್ದಳು. ಅವರು ಮನೆ ಬದಲಾಯಿಸಿದ್ದರು.

ಇದ್ದರೇನಂತೆ, ಇರುವುದೆಲ್ಲ ಕೆಲಸ ಮಾಡಬೇಕೆಂದಿದೆಯೇ, ಅಂದಿದ್ದಳು ಟೋರಾ. ಎಬ್ಬಾ ಕತ್ತಲಕೋಣೆಯಲ್ಲಿ ಗಿಡ ಬೆಳೆಸಿ ತೋರಿಸಿದಳು. ಹಸಿರಾಗಿತ್ತು. ಟೋರಾ ಬೆನ್ನು ತಟ್ಟಿದಳು, ಪ್ರಬಂಧಕ್ಕೆ ಒಪ್ಪಿಗೆ ಕೊಟ್ಟಳು, ಮನೆಗೆ ಹೋಗಿ ನಿದ್ದೆಗೆಟ್ಟಳು. ಯಾಕೆಂದರೆ ಕತ್ತಲಕೋಣೆಯಲ್ಲಿ ಕತ್ತಲಿರುವುದಿಲ್ಲ. ಅಲ್ಲಿ ಹಸಿರು ದೀಪವಿರುತ್ತದೆ. ಗಿಡಕ್ಕೆ ಹಸಿರು ಬೆಳಕು ಬೇಡ, ಅದನ್ನು ಅದು ವಾಪಸು ಎಸೆಯುತ್ತದೆ, ಹಾಗಾಗಿ ನೀರು ಹಾಕುವವರ ಕಣ್ಣಿಗೆ ಅನುಕೂಲವಾಗಲೆಂದು ಒಂದು ಮಂಕು ಹಸಿರು ದೀಪ ಉರಿಸಿಕೊಂಡು ಅದನ್ನೇ ಕತ್ತಲೆ ಎಂದು ಕರೆಯುವುದು ಈ ಕಸುಬಿನವರ ರೂಢಿ. ಟೋರಾ ಕರೆದಿದ್ದಳು, ಅವಳ ಗುರು ಕರೆದಿದ್ದ, ಎಲ್ಲರೂ ಕರೆದಿದ್ದರು. ಬೇಡವೆಂದರೂ ಗಿಡ ಒಂದು ತುತ್ತು ಹಸಿರನ್ನು ನುಂಗಿಯೇ ನುಂಗುತ್ತದೆ. ಆ ಒಂದು ತುತ್ತಿನಲ್ಲಿ ಎಬ್ಬಾಳ ಗಿಡ ಹಸಿರಾಗಿದ್ದರೆ? ಇದನ್ನು ಎಬ್ಬಾಳಿಗೆ ನೇರ ಕೇಳಬೇಕಿತ್ತು. ಕೇಳಲಿಲ್ಲ. ಒಂದು ಚಿಟಿಕೆ ಬೀಜವನ್ನು ಜೇಬಿಗೆ ಹಾಕಿಕೊಂಡು, ಕಳ್ಳಿಯ ಹಾಗೆ ಮನೆಗೆ ತಂದು, ನೆಲಮಾಳಿಗೆಯಲ್ಲಿ ಆಲೂಗಡ್ಡೆಗಳ ನಡುವೆ ಬಿತ್ತಿದಳು. ನಿಜವಾದ ಕತ್ತಲಲ್ಲಿ. ಬಾಗಿಲಿಗೆ ಕಂಬಳಿ ತೂಗುಹಾಕಿ, ಉಸಿರು ಬಿಗಿಹಿಡಿದು, ಮುಚ್ಚಳ ಎತ್ತಿ, ಬೆರಳಿನಿಂದ ತಡವಿ ತಡವಿ ನೀರು ತೊಟ್ಟಿಕ್ಕಿಸಿದಳು. ಮೊದಮೊದಲು ಏನೂ ಸಿಗಲಿಲ್ಲ. ಆಮೇಲೊಂದು ದಿನ ಬೆರಳ ತುದಿಗೆ ಏನೋ ಕೂದಲೆಳೆಯಂಥದ್ದು ತಾಗಿ, ಬಾಗಿ, ಮತ್ತೆ ನೆಟ್ಟಗಾಯಿತು. ಟೋರಾ ಕತ್ತಲಲ್ಲಿ "ಅಯ್ಯೋ ಬಂಗಾರ" ಅಂದುಬಿಟ್ಟಳು. ಹಳದಿಯಾಗಿರಲಿ ಅಂತ ಬಿತ್ತಿದ್ದಳು, ಅದು ನಿಜ. ತನ್ನ ಹುಡುಗಿಯ ಮಾತು ಸುಳ್ಳಾಗಲಿ ಅಂತ ಬಿತ್ತಿದವಳು ಅವಕ್ಕೆ ಬಂಗಾರ, ಪುಟ್ಟ ಎಂದು ಹೆಸರಿಟ್ಟು ನೀರೆರೆಯುತ್ತಿದ್ದಳು. ಈ ನಾಚಿಕೆಗೇಡನ್ನು ಯಾರ ಹತ್ತಿರ ಹೇಳಿಕೊಳ್ಳುವುದು.

ಸಂಸ್ಥೆಯ ಪಡಸಾಲೆಯಲ್ಲಿ ಎಬ್ಬಾ ಆಗಲೇ ಸುತ್ತಿಗೆ ಹಿಡಿದು ಓಡಾಡುತ್ತಿದ್ದಳು. ಉತ್ತರದ ಗಣಿ ಊರಿನ ಹುಡುಗಿ, ನಾಲಿಗೆ ಚುರುಕು. ಪಡಸಾಲೆಯ ಮಧ್ಯೆ ನೆಟ್ಟಗೆ ನಿಲ್ಲಿಸಿದ ಸ್ಪ್ರೂಸ್ ದಿಮ್ಮಿಯ ತುಂಬ ಹಳೆ ಮೊಳೆಗಳ ತೂತು.

"ಟೋರಾ! ಕೇಕ್ ಹೇಳಿದ್ದೀನಿ. ಹಸಿರು ಕೇಕೇ. ಬೇರೆ ಬಣ್ಣದ್ದು ತಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ರಾತ್ರಿ ನಿದ್ದೆ ಮಾಡಿದ್ಯಾ?"

ಎಬ್ಬಾ ತುಟಿ ಚೂಪು ಮಾಡಿ ಸರಕ್ಕನೆ ಗಾಳಿ ಎಳೆದುಕೊಂಡಳು. ಈ ಕಡೆಯವರು ಹೌದು ಅನ್ನುವುದು ಹಾಗೆ. ಬಾಯಿ ತೆರೆದರೆ ಚಳಿ ಒಳಗೆ ಬಂದುಬಿಡುತ್ತದೇನೋ ಎಂಬಂತೆ.

"ನೀನು ಮಾಡಿಲ್ಲ ಅನ್ಸುತ್ತೆ," ಅಂದಳು ಎಬ್ಬಾ. "ಮುಖ ನೋಡು, ಒಳ್ಳೆ ಕುಡ್ದಿರೋರ ಥರ ಇದೆ. ಆ ಚೀಲದಲ್ಲೇನು? ನನಗೆ ಉಡುಗೊರೆನಾ?"

"ನೋಡೋಣ," ಅಂದಳು ಟೋರಾ, ಮತ್ತು ನಕ್ಕಳು, ನಗಬಾರದ ಕಡೆ. ಹೇಳಿಬಿಡು, ಈಗಲೇ ಹೇಳಿಬಿಡು, ಅಂದಿತು ಒಳಗೊಂದು ದನಿ. ಎಬ್ಬಾ ದಿಮ್ಮಿಯ ಮೇಲೆ ಮೊಳೆಗೆ ಒಳ್ಳೆಯ ಜಾಗ ಹುಡುಕುತ್ತ ಬೆರಳಾಡಿಸುತ್ತಿದ್ದಳು, ಅವಳ ಬೆನ್ನು ಎಷ್ಟು ಖುಷಿಯಾಗಿತ್ತೆಂದರೆ, ಟೋರಾ ತನ್ನ ಕೋಣೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡಳು.

ಕೋಣೆಗೆ ಹೋಗುವ ದಾರಿಯಲ್ಲಿ ಒಂದು ಫೋಟೋ ಇದೆ, ಅದನ್ನು ನೋಡದೆ ದಾಟುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಅವಳದ್ದೇ ಮೊಳೆಯ ದಿನ. ಸುತ್ತಿಗೆ ಹಿಡಿದು ನಗುತ್ತಿರುವವನು ಅವಳ ಗುರು ಆರ್ವಿಡ್. ಪಕ್ಕದಲ್ಲಿ ಅವನ ಕೋಟು ಹಿಡಿದುಕೊಂಡು ನಿಂತವಳು ಟೋರಾ. ಅವಳ ಮೊದಲ ಮೊಳೆ ಸೊಟ್ಟಗಾಗಿತ್ತು, ಎರಡನೆಯದೂ. ಆರ್ವಿಡ್, ಕೊಡಿಲ್ಲಿ ಮಗಳೇ, ಅಂದಿದ್ದ, ಪ್ರೀತಿಯಿಂದಲೇ, ಮತ್ತು ಒಂದೇ ಏಟಿಗೆ ಹೊಡೆದುಬಿಟ್ಟಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಈ ದೇಶದಲ್ಲಿ ಗುರುವಿಗೂ ನೀನು, ಮಂತ್ರಿಗೂ ನೀನು. ನೀನು ಅಂದ ಮಾತ್ರಕ್ಕೆ ಸುತ್ತಿಗೆ ಕಸಿದುಕೊಳ್ಳುವವರು ಬಿಡುತ್ತಾರೆಯೇ. ಆ ಚಪ್ಪಾಳೆಗೂ ಲುಂಡ್ ಊರಿನ ಸಭೆಯ ನಗೆಗೂ ನಡುವೆ ಎಷ್ಟು ವರ್ಷ, ಕಿವಿಯಲ್ಲಿ ಮಾತ್ರ ಎರಡೂ ಒಂದೇ ಸದ್ದು. ಲುಂಡ್‌ನಲ್ಲಿ ಅವಳು ಮೊದಲ ಬಾರಿಗೆ ತನ್ನ ಸಿದ್ಧಾಂತ ಮಂಡಿಸಿದ್ದಳು. ಪರದೆಯ ಮೇಲೆ ಕತ್ತಲಲ್ಲಿ ಬೆಳೆದ ಎರಡು ತಟ್ಟೆ ಸಸಿ: ಒಂದು ಹೂವಿನ ಗಿಡ, ತೆಳು ಹಳದಿ, ಇನ್ನೊಂದು ಸ್ಪ್ರೂಸ್, ಹಸಿರು. ಮುಂದಿನ ಸಾಲಿನಲ್ಲಿದ್ದ ಸಿಕ್ಸ್ಟೆನ್, ಇದೇ ಸಂಸ್ಥೆಯ ಸಿಕ್ಸ್ಟೆನ್, ದಿನಾ ಕಾಫಿಗೆ ಎದುರು ಕೂರುತ್ತಿದ್ದವನು, ಎದ್ದು ನಿಂತು ಗಂಭೀರವಾಗಿ ಕೇಳಿದ್ದ: "ಇದರಲ್ಲಿ ಹಸಿರು ಯಾವುದು?" ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಿನ್ನ ಹಸಿರು ಹಸಿರೇ ಅಲ್ಲ, ನಿನ್ನ ಪುರಾವೆ ಪುರಾವೆಯೇ ಅಲ್ಲ ಅಂತ ತಾನೇ ಅದರ ಅರ್ಥ? ಅಂದಿನಿಂದ ಅವಳು ಸಿಕ್ಸ್ಟೆನ್ನನ ಮೇಜಿನಲ್ಲಿ ಕಾಫಿ ಕುಡಿದಿಲ್ಲ. ಇನ್ನೊಬ್ಬರು ನಗಬಾರದೆಂದು ಇನ್ನಷ್ಟು ಜೀನೋಮು ಓದಿದಳು, ಇನ್ನಷ್ಟು ಜೋರಾಗಿ ಹೇಳಿದಳು, ಕಳೆದದ್ದು ಕಳೆಯಿತು, ಕಳೆದದ್ದು ಕಳೆಯಿತು.

ಊಟದ ಹೊತ್ತೂ ಕಳೆಯಿತು. ಕೆಳಗಿನಿಂದ ಕಾಫಿ ಕಾಯಿಸುವ ವಾಸನೆ ಬಂದಾಗ ಅವಳು ಕೋಟು ಹಾಕಿಕೊಂಡು, ಚೀಲ ಎದೆಗವಚಿಕೊಂಡು ಹಿಂಬಾಗಿಲಿನಿಂದ ಹೊರಗೆ ನುಗ್ಗಿದಳು. ಬಿಸಿಲಿನಲ್ಲೇ ತೆಗೆಯಬೇಕು. ಬಣ್ಣದ ವಿಷಯದಲ್ಲಿ ಟ್ಯೂಬ್‌ಲೈಟನ್ನು ನಂಬುವಂತಿಲ್ಲ. ದಕ್ಷಿಣದ ಗೋಡೆಯ ಹತ್ತಿರ ಹಿಮ ಕರಗಿ ಟಪಟಪ ತೊಟ್ಟಿಕ್ಕುತ್ತಿತ್ತು. ಅಲ್ಲಿ ಬೆಂಚಿನ ಮೇಲೆ, ಬೆನ್ನಿಗೆ ಗೋಡೆ, ಮುಖ ಸೂರ್ಯನಿಗೆ, ಕೂತವನು ಬೇರೆ ಯಾರು, ಸಿಕ್ಸ್ಟೆನ್. ನಿವೃತ್ತನಾಗಿ ಎಷ್ಟೋ ಕಾಲವಾದರೂ ಕೇಕಿನ ದಿನ ತಪ್ಪದೆ ಬರುತ್ತಾನೆ. ವಾಪಸು ಹೋಗಬೇಕೆಂದುಕೊಂಡಳು. ತಲೆ ಗಿರ್ರೆಂದಿತು, ಧೊಪ್ಪನೆ ಅವನ ಪಕ್ಕದಲ್ಲೇ ಕೂತುಬಿಟ್ಟಳು.

"ಟೋರಾ," ಅಂದ ಸಿಕ್ಸ್ಟೆನ್ ಕಣ್ಣು ತೆರೆದು, ಬೆಂಚು ಮುರಿಯಿತೇನೋ ಎಂಬಷ್ಟು ಅಚ್ಚರಿಯಿಂದ. "ನನ್ನ ಪಕ್ಕದಲ್ಲಿ?"

"ಮಾತಾಡ್ಬೇಡ. ಒಂದು ಉಪಕಾರ ಮಾಡು. ನಾನು ಇದರ ಮುಚ್ಚಳ ತೆಗೀತೀನಿ, ಕಣ್ಣು ಮುಚ್ಕೊಂಡು. ಒಳಗಿರೋದು ಯಾವ ಬಣ್ಣ ಅಂತ ಹೇಳು. ಅಷ್ಟೇ."

"ಯಾಕೆ, ನಿನಗೆ ಕಣ್ಣಿಲ್ವಾ?"

"ಧೈರ್ಯ ಇಲ್ಲ."

ಟೇಪು ಪರ್‍ರೆಂದು ಬಿಚ್ಚಿಕೊಂಡಿತು. ಮುಚ್ಚಳ ಎತ್ತಿದಳು. ಒದ್ದೆ ನೆಲಮಾಳಿಗೆಯ ವಾಸನೆ, ಆಲೂಗಡ್ಡೆಯ ವಾಸನೆ. ಮುಚ್ಚಿದ ರೆಪ್ಪೆಗಳೊಳಗೆ ಬಿಸಿಲು ಕೆಂಪಗೆ ಉರಿಯುತ್ತಿತ್ತು. ಹಳದಿ ಅನ್ನು, ಅಂದಿತು ಅವಳ ಎದೆ. ಹಸಿರು ಅನ್ನು, ಅಂದಿತು ಅದೇ ಎದೆ.

"ಹೇಳೋ!"

"ಟೋರಾ, ನನಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ?"

"ಎಳೆ ಹಸಿರು, ತೆಳು ಹಳದಿ, ಎರಡೂ ನನಗೆ ಒಂದೇ ಥರ. ಹುಟ್ಟಿದಾಗಿಂದ. ಇಷ್ಟು ವರ್ಷ ಹಸಿರಿನ ಮೇಲೇ ಅನ್ನ ತಿಂದೋನಿಗೆ ಹಸಿರೇ ಕಾಣಲ್ಲ ಅಂದ್ರೆ ಯಾರು ಕೆಲಸ ಕೊಡ್ತಿದ್ರು ಹೇಳು? ಯಂತ್ರದ ಅಂಕಿ ನೋಡ್ಕೊಂಡು ಕಾಲ ಹಾಕ್ದೆ. ಒಂದೇ ಒಂದ್ಸಲ ತಡೀಲಾರದೆ ಬಾಯ್ಬಿಟ್ಟು ಕೇಳ್ಬಿಟ್ಟೆ, ಲುಂಡಲ್ಲಿ, ನೀನು ಮಾತಾಡ್ತಿದ್ದಾಗ. ಎಲ್ಲಾ ನಕ್ಬಿಟ್ರು. ಆಮೇಲೆ ಸಾಯೋವರೆಗೂ ಕೇಳ್ಬಾರ್ದು ಅಂತ ತೀರ್ಮಾನ ಮಾಡ್ದೆ. ನಿನಗೆ ನೆನಪಿರಲ್ಲ ಬಿಡು."

ನೆನಪಿರಲ್ಲ! ಟೋರಾಳ ಹೊಟ್ಟೆಯೊಳಗಿನಿಂದ ಏನೋ ಎದ್ದುಬಂತು, ಅಳುವೆಂದುಕೊಂಡಳು, ಬಾಯಿಗೆ ಬರುವಷ್ಟರಲ್ಲಿ ನಗುವಾಗಿತ್ತು. ಇಪ್ಪತ್ತು ವರ್ಷ ಯಾರ ಜೊತೆ ಯುದ್ಧ ಮಾಡಿದೆ ಮಾರಾಯ್ತಿ, ಎದುರು ಪಾಳೆಯದಲ್ಲಿ ಯಾರೂ ಇರಲೇ ಇಲ್ಲವಲ್ಲ! ಅಲ್ಲೊಬ್ಬ ಮನುಷ್ಯ ಸುಮ್ಮನೆ ದಾರಿ ಕೇಳುತ್ತಿದ್ದ. ಸಭೆ ನಕ್ಕದ್ದು ಅವನನ್ನು ನೋಡಿ. ಇಬ್ಬರೂ ಒಂದೇ ನಗೆಯನ್ನು ಎರಡು ಮನೆಗೆ ಹೊತ್ತುಕೊಂಡು ಹೋಗಿ, ಎರಡು ಮೇಜಿನಲ್ಲಿ ಬೇರೆಬೇರೆ ಕಾಫಿ ಕುಡಿದರು. ಅವಳು ಬಿಕ್ಕಿ ಬಿಕ್ಕಿ ನಕ್ಕಳು, ಪಕ್ಕೆ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು, ಡಬ್ಬಿ ತೊಡೆಯ ಮೇಲೆ ಕುಣಿಯಿತು. ಸಿಕ್ಸ್ಟೆನ್ ಗಾಬರಿಯಿಂದ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ನೀರು ಒರೆಸಿಕೊಳ್ಳಲು ಕಣ್ಣು ತೆರೆಯಲೇಬೇಕಾಯಿತು, ತೆರೆದಳು, ಹಾಗೆ, ಯೋಚಿಸದೆ, ನೋಡಿಬಿಟ್ಟಳು.

ಹಸಿರು. ತಕರಾರಿಲ್ಲದ ಹಸಿರು. ಉದ್ದಕ್ಕೆ, ತೆಳ್ಳಗೆ, ಕತ್ತಲಲ್ಲಿ ದಾರಿ ಹುಡುಕಿ ಹುಡುಕಿ ಒಂದರ ಮೇಲೊಂದು ವಾಲಿಕೊಂಡ ಸಸಿಗಳು, ಪ್ರತಿಯೊಂದರ ತುದಿಯಲ್ಲೂ ಎರಡೆರಡು ಹಸಿರು ಎಲೆ. ಈ ನೆಲದ ಚಳಿಗಾಲದ ಉದ್ದನೆಯ ಇರುಳಿಗೆ ಹೆದರದೆ ಯಾವುದೋ ಹಳೇ ಅಜ್ಜಿಯ ವಿದ್ಯೆಯನ್ನು ಸೆರಗಿನಲ್ಲಿ ಗಂಟುಕಟ್ಟಿಕೊಂಡು ಬಂದ ಹಸಿರು. ಅವಳು ತಪ್ಪು ಹೇಳಿದ್ದಳು. ಪುಸ್ತಕಗಳಲ್ಲಿ, ಸಭೆಗಳಲ್ಲಿ, ಮೂರು ದೇಶಗಳ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ತಪ್ಪು ಹೇಳಿದ್ದಳು, ತಪ್ಪು ಬರೆದವರಿಗೆ ಅಂಕ ಕೊಟ್ಟಿದ್ದಳು. ನೋವಾಗಬೇಕಿತ್ತು. ನೋವು ಇನ್ನೂ ದಾರಿಯಲ್ಲಿತ್ತೇನೋ, ಬಂದಾಗ ನೋಡಿಕೊಳ್ಳೋಣ. ಈಗ ಅವಳಿಗೆ ಬೆಂಚಿನ ಮೇಲೆ ಹತ್ತಿ ಕುಣಿಯಬೇಕು ಅನ್ನಿಸುತ್ತಿತ್ತು. "ಸಿಕ್ಸ್ಟೆನ್," ಅಂದಳು, "ನನ್ನ ಕಥೆ ಮುಗೀತು," ಮತ್ತು ಅವನ ಕೆನ್ನೆಗೆ ಮುತ್ತಿಟ್ಟಳು. ಈ ಊರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ನೆರೆದಿದ್ದರು. ಕೇಕು ಮೇಜಿನ ಮೇಲೆ ಹಸಿರಾಗಿ ಗುಂಡಗೆ ಕೂತಿತ್ತು. ಎಬ್ಬಾಳ ಕೈಯಲ್ಲಿ ಪ್ರಬಂಧ, ಮೊಳೆ, ಸುತ್ತಿಗೆ. ಟೋರಾ ನೇರ ಹೋಗಿ ಡಬ್ಬಿಯನ್ನು ಅವಳ ಮುಂದೆ ಹಿಡಿದಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಬೀಜ ಕದ್ದದ್ದು, ಹಸಿರು ದೀಪವನ್ನು ನಂಬದಿದ್ದದ್ದು, ಹಳದಿಯಾಗಲಿ ಎಂದು ಕಾದದ್ದು. ಎಬ್ಬಾಳ ಮುಖ ಕೆಂಪೇರಿತು.

"ಹಳದಿ ಆಗಿದ್ರೆ? ಈಗ, ಇಷ್ಟು ಜನರ ಮುಂದೆ ಹೇಳ್ತಿದ್ಯಾ?"

"ಹೇಳ್ತಿದ್ದೆ."

"ಇಷ್ಟು ದಿನ ನನ್ನ ಬೆನ್ನು ತಟ್ಕೊಂಡು, ಮನೇಲಿ ನನಗೆ ಗುಂಡಿ ತೋಡ್ತಿದ್ದೆ. ಒಂದ್ಮಾತು ಕೇಳಿದ್ರೆ ನಾನೇ ಮಾಡ್ತಿರ್ಲಿಲ್ವಾ?"

"ನೀನೇ ಮಾಡ್ತಿದ್ದೆ. ನಾನು ಕೇಳ್ಬೇಕಿತ್ತು. ತಪ್ಪು ನಂದೇ."

ಎಬ್ಬಾ ಡಬ್ಬಿಯ ಮೇಲೆ ಬಗ್ಗಿದಳು. ಸಿಟ್ಟು ಮುಖದಲ್ಲೇ ಇತ್ತು, ಕಣ್ಣು ಮಾತ್ರ ಸಸಿಗಳನ್ನು ಎಣಿಸಲು ಶುರುಮಾಡಿತ್ತು. ಈ ಕಸುಬಿನ ಜನವೇ ಹಾಗೆ. "ದೀಪ ಇಲ್ದೆ ನೀರು ಹೆಂಗೆ ಹಾಕ್ದೆ?" ಅಂದಳು.

"ಬೆರಳಲ್ಲಿ."

"ಥೂ," ಅಂದಳು ಎಬ್ಬಾ, ಮತ್ತು ಅವಳಿಗೂ ನಗು ತಡೆಯಲಾಗಲಿಲ್ಲ. "ಅಷ್ಟು ಹೊಟ್ಟೆಕಿಚ್ಚಿಟ್ಕೊಂಡು ನನ್ನದಕ್ಕಿಂತ ಗಟ್ಟಿ ಪುರಾವೆ ಮಾಡ್ಕೊಟ್ಟಿದ್ದೀಯಲ್ಲೇ, ಮಹಾತಾಯಿ!"

ಮೊದಲ ಮೊಳೆ ಸೊಟ್ಟಗಾಯಿತು. ದಿಮ್ಮಿ ಒಣಗಿ ಕಲ್ಲಾಗಿತ್ತು. ಎರಡನೆಯದು ಜಾರಿ ಬಿತ್ತು. ಯಾರೋ ಕೆಮ್ಮಿದರು. ಟೋರಾಳ ಬಲಗೈ ತಾನಾಗಿಯೇ ಮುಂದೆ ಹೋಯಿತು, ಕೊಡಿಲ್ಲಿ ಅನ್ನಲು, ಪ್ರೀತಿಯಿಂದಲೇ. ತುಟಿಯವರೆಗೂ ಬಂದಿತ್ತು ಆರ್ವಿಡ್‌ನ ಮಾತು. ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಎಬ್ಬಾ ಆ ಕೈಯನ್ನು ನೋಡಿದಳು. ಮೂರನೆಯ ಮೊಳೆಯನ್ನು ಅದರಲ್ಲಿಟ್ಟಳು.

"ನೀನು ಹಿಡ್ಕೋ. ತಪ್ಪಿದ್ರೆ ನಿನ್ನ ಬೆರಳಿಗೇ ಬೀಳಲಿ."

"ಬೀಳಲಿ."

ಒಂದು ಏಟು ಬೆರಳಿಗೇ ಬಿತ್ತು. ಟೋರಾ "ಅಯ್ಯಪ್ಪಾ!" ಎಂದು ಕಿರುಚಿದಳು, ಮೊಳೆ ಮಾತ್ರ ಬಿಡಲಿಲ್ಲ. ಮುಂದಿನ ಏಟಿಗೆ ಅದು ಇಡೀ ಪ್ರಬಂಧವನ್ನು ತೂರಿ ದಿಮ್ಮಿಗಿಳಿಯಿತು. ಚಪ್ಪಾಳೆಯೋ ಚಪ್ಪಾಳೆ. ಕೇಕು ಕತ್ತರಿಸಿದರು, ಕಾಫಿ ಸುರಿದರು, ಡಬ್ಬಿ ಕೈಯಿಂದ ಕೈಗೆ ಹೋಯಿತು. ಟೋರಾ ಊದಿಕೊಂಡ ಬೆರಳನ್ನು ಚೀಪುತ್ತ ಸಿಕ್ಸ್ಟೆನ್ನನ ಮೇಜಿನಲ್ಲಿ ಅವನೆದುರು ಕೂತಳು. ಕೊನೆಗೆ ಡಬ್ಬಿ ಅಲ್ಲಿಗೂ ಬಂತು. ಸಿಕ್ಸ್ಟೆನ್ ಅದರೊಳಗೆ ಬಹಳ ಹೊತ್ತು ಇಣುಕಿದ. ಕಿವಿ ಕೆಂಪಗಾಯಿತು, ಗಂಟಲು ಸರಿಮಾಡಿಕೊಂಡ, ಪಡಸಾಲೆಗೆಲ್ಲ ಕೇಳುವಂತೆ ಕೇಳಿದ:

"ಇದರಲ್ಲಿ ಹಸಿರು ಯಾವುದು?"

ಪಡಸಾಲೆ ಗೊಳ್ಳೆಂದು ನಕ್ಕಿತು. ಕಪ್ಪುಗಳು ತುಳುಕಿದವು, ಯಾರೋ ಮೇಜು ಕುಟ್ಟಿದರು, ಸಿಕ್ಸ್ಟೆನ್ ಎಂದರೆ ಸಿಕ್ಸ್ಟೆನ್ನೇ, ಅಂದರು. ಬೆಳಗ್ಗಿನಿಂದ ಕಾರಣವಿಲ್ಲದೆ ನಗುತ್ತಿದ್ದ ಟೋರಾ ಈಗ ನಗಲಿಲ್ಲ. ಅವನ ತೋರುಬೆರಳನ್ನು ತನ್ನ ಬಾತ ಬೆರಳಿನಿಂದ ಹಿಡಿದು ಡಬ್ಬಿಯೊಳಗೆ ಇಳಿಸಿದಳು, ಕೂದಲೆಳೆಯಂಥ ಒಂದು ದೇಟು ಸಿಗುವವರೆಗೂ, ಅದು ಬಾಗಿ ಮತ್ತೆ ನೆಟ್ಟಗಾಗುವವರೆಗೂ.

"ಇದು ಹಸಿರು," ಅಂದಳು. "ಇದೂ ಹಸಿರು. ಇದೂ."

ಸಿಕ್ಸ್ಟೆನ್ ತುಟಿ ಚೂಪು ಮಾಡಿ ಸರಕ್ಕನೆ ಗಾಳಿ ಎಳೆದುಕೊಂಡ.